ನಡೆ, ನಡತೆ, ನಡಾವಳಿ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ ಒಂದೇ ಬಗೆಯ ಕಾಗದಕ್ಕೆ ಮತ್ತೆ ಮತ್ತೆ ಸಹಿ ಹಾಕುವ ಕೆಲಸ ಬೀಳುತ್ತದೆ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಶಾಲೆಯಲ್ಲಿ ಓದಿದ ಅವಧಿ, ಇವೆಲ್ಲ ದಾಖಲೆ ನೋಡಿ ತುಂಬುವಂಥವು. ದಾಖಲೆ ನೋಡಿ ತುಂಬಲಾಗದ ಸಾಲು ಒಂದೇ: 'ನಡತೆ'. ಅದರ ಮುಂದೆ 'ಉತ್ತಮ' ಎಂದೋ 'ತೃಪ್ತಿಕರ' ಎಂದೋ ಬರೆದು ಮೊಹರು ಒತ್ತಲಾಗುತ್ತದೆ. ಎಲ್ಲರಿಗೂ ಅದೇ ಮಾತು. ಬರೆಯುವವರು ಅದನ್ನು ಕುರಿತು ಆಲೋಚಿಸುವುದಿಲ್ಲ. ಮುಂದಿನ ಕಾಲೇಜಿನಲ್ಲಿ ಓದುವವರು ನಂಬುವುದೂ ಇಲ್ಲ.

ಆ ಸಾಲಿನಲ್ಲಿರುವ ಮಾತು ಮಾತ್ರ ಅಷ್ಟು ಹಗುರವಾದುದಲ್ಲ. ಶರಣ ಪರಂಪರೆಯ ಮಠವೊಂದು ನಡೆಸುವ ಶಾಲೆಯ ಸ್ಮರಣ ಸಂಪುಟದಲ್ಲಿ ಅದರ ಅರ್ಥವನ್ನು ತುಸು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ. 'ನಡೆ' ಎಂಬ ಧಾತು ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರ ಬಾಯಲ್ಲಿ ಎಷ್ಟು ಬಗೆಯಾಗಿ ಬಾಳುತ್ತಿದೆ ಎಂಬುದನ್ನು ನೋಡಿದರೆ, ಆ ಪ್ರಮಾಣಪತ್ರವನ್ನು ನಾವು ಹೇಗೆ ತುಂಬಬೇಕೆಂಬುದಕ್ಕೂ ಒಂದು ದಾರಿ ಕಾಣಬಹುದು.

ಕಾಲೂರಿ ಮುಂದೆ ಸಾಗುವುದು ನಡೆ, ಇದು ಮೂಲಾರ್ಥ. ಅಲ್ಲಿಂದ ಮಾತು ಕಾಲನ್ನು ಬಿಟ್ಟು ಎಲ್ಲೆಲ್ಲಿಗೋ ಹೊರಡುತ್ತದೆ. ಮದುವೆ ನಡೆಯುತ್ತದೆ, ವ್ಯಾಜ್ಯ ನಡೆಯುತ್ತದೆ, ಅಂಗಡಿ ನಡೆಯುತ್ತದೆ. ರದ್ದಾದ ನೋಟು ನಡೆಯುವುದಿಲ್ಲ. ಊರಿನಲ್ಲಿ ಒಬ್ಬರ ಮಾತು ನಡೆಯುತ್ತದೆ, ಇನ್ನೊಬ್ಬರದು ನಡೆಯುವುದಿಲ್ಲ. ಔತಣಕ್ಕೆ ತರಕಾರಿ ಸ್ವಲ್ಪ ಕಡಿಮೆ ಬಿದ್ದರೆ ಅಡಿಗೆಯವರು 'ನಡೆಯುತ್ತದೆ ಬಿಡಿ' ಎನ್ನುತ್ತಾರೆ. 'ಅದೆಲ್ಲ ನನ್ನ ತರಗತಿಯಲ್ಲಿ ನಡೆಯುವುದಿಲ್ಲ' ಎಂದು ಉಪಾಧ್ಯಾಯರು ಗದರಿಸುತ್ತಾರೆ. ತಾಳಕ್ಕೆ ನಡೆಯುಂಟು, ಷಟ್ಪದಿಗೆ ನಡೆಯುಂಟು, ಚದುರಂಗದ ಕಾಯಿಗೂ ನಡೆಯುಂಟು. ಈ ಚದುರಂಗದ ನಡೆಯನ್ನೇ ಪತ್ರಿಕೆಗಳು ಈಚೆಗೆ ರಾಜಕಾರಣಿಗಳಿಗೆ ಅಂಟಿಸಿ 'ಮುಂದಿನ ನಡೆ ಏನು?' ಎಂದು ದಿನಂಪ್ರತಿ ಕೇಳುತ್ತಿವೆ. ನನಗೆ ಈ ಪ್ರಯೋಗ ಹಿತವೆನಿಸದು. ಅಲ್ಲಿ ನಡೆಯೆಂದರೆ ಎದುರಾಳಿಗೆ ಸುಳಿವು ಸಿಗದಂತೆ ಕಾಯಿ ಸರಿಸುವುದು. ನಮ್ಮ ಹಿರಿಯರು ನಡೆಯೆಂದು ಕರೆದದ್ದು ನಾಲ್ಕು ಜನ ಕಾಣುವಂತೆ ಹೆಜ್ಜೆಯಿಡುವುದನ್ನು.

ಈ ಕಾಣುವಿಕೆಯಿಂದಲೇ ನಡತೆ, ನಡವಳಿಕೆ, ನಡೆನುಡಿ ಎಂಬ ಮಾತುಗಳು ಹುಟ್ಟಿವೆ. ಇದು ಕನ್ನಡದ ಏಕಾಂಗಿ ಸಾಹಸವೂ ಅಲ್ಲ. ತಮಿಳಿನಲ್ಲಿ 'ನಡತ್ತೈ', ತೆಲುಗಿನಲ್ಲಿ 'ನಡತ' ಮತ್ತು 'ನಡವಡಿಕ' ಇದೇ ಧಾತುವಿನಿಂದ ಬಂದು ಇದೇ ಅರ್ಥವನ್ನು ಕೊಡುತ್ತವೆ. ಸಂಸ್ಕೃತದಲ್ಲಿಯೂ 'ಚರ' ಎಂಬ ಚಲನಾರ್ಥದ ಧಾತುವಿನಿಂದಲೇ ಆಚಾರ, ಚರಿತ್ರೆ, ಚಾರಿತ್ರ್ಯ, ವಿಚಾರಗಳು ಬಂದಿವೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರವೆಂದು ಮಕ್ಕಳಿಂದ ಪಂಚಾಚಾರಗಳನ್ನು ಕಂಠಪಾಠ ಮಾಡಿಸುವಾಗ, ಐದರಲ್ಲಿಯೂ ಅಡಗಿರುವುದು ಒಂದು ನಡಿಗೆ ಎಂಬುದನ್ನು ಹೇಳುವ ಉಪಾಧ್ಯಾಯರು ವಿರಳ. ಗುಣವೆಂಬುದು ಒಳಗಿನದು, ಅದಕ್ಕೆ ಯಾವ ಮುಖ್ಯೋಪಾಧ್ಯಾಯರೂ ಸಾಕ್ಷಿ ಹೇಳಲಾರರು. ನಡತೆಯು ಬೀದಿಯಲ್ಲಿ ಕಾಣುವಂಥದು. ಅದಕ್ಕೆ ಸಾಕ್ಷಿ ಹೇಳಬಹುದು, ಆದರೆ ಕಂಡವರು ಮಾತ್ರ.

ಮಠಗಳ ಬಳಕೆಯಲ್ಲಿ ಈ ಧಾತುವಿಗೆ ಇನ್ನೂ ಸೊಗಸಾದ ಅರ್ಥಗಳಿವೆ. ಘಟ್ಟದ ಮೇಲೆ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ, 'ನೀವು ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ?' ಎಂದು ಕೇಳುವ ವಾಡಿಕೆಯುಂಟು. ಆ ಮಠದ ಶಿಷ್ಯರು, ಅಲ್ಲಿಗೆ ಕಾಣಿಕೆ ಸಲ್ಲಿಸುವವರು, ಅದರ ಮಾತಿಗೆ ಬದ್ಧರಾದವರು ಎಂಬುದೆಲ್ಲ ಆ ಒಂದು ಕ್ರಿಯಾಪದದಲ್ಲಿ ಸೇರಿದೆ. ಹಾಗೆಯೇ ಮಠವು ಶಾಲೆಯನ್ನು 'ನಡೆಸುತ್ತದೆ'. ಅಕ್ಷರಶಃ ಹೇಳುವುದಾದರೆ, ಕಟ್ಟಿ ನಿಲ್ಲಿಸಿದ ಕಟ್ಟಡವೊಂದನ್ನು ನಡೆಯುವಂತೆ ಮಾಡುತ್ತದೆ. ಹಳೆಯ ದಾನಶಾಸನಗಳನ್ನು ಓದಿದವರಿಗೆ, ಬಿಟ್ಟ ಧರ್ಮವನ್ನು ಮುಂದಿನವರು ನಡೆಸಿಕೊಂಡು ಬರಬೇಕೆಂಬ ವಿಧಿ ಪರಿಚಿತವಾದುದೇ. ದಾನಿಯಾದವನು ಕೊಡುವ ದಿನ ಒಮ್ಮೆ ಕೊಟ್ಟರೆ ಆಯಿತು. ನಡೆಸುವವರು ದಿನವೂ ಕೊಡುತ್ತಲೇ ಇರಬೇಕು. ಈ ಶಾಲೆಯ ಹಾಜರಿ ಪುಸ್ತಕ ಬರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು 'ಜಂಗಮ'. ಚಲಿಸುವುದು ಎಂಬುದೇ ಅದರ ಅರ್ಥ. ಸ್ಥಾವರವಾದುದಕ್ಕೆ ಅಳಿವುಂಟು, ಚಲಿಸುವುದಕ್ಕೆ ಇಲ್ಲವೆಂಬ ಬಸವಣ್ಣನವರ ನಿಲುವು ಎಲ್ಲರಿಗೂ ತಿಳಿದಿದೆ. ಉಡುತಡಿಯ ಅಕ್ಕ ಕಲ್ಯಾಣಕ್ಕೆ ಹೋದದ್ದು, ಅಲ್ಲಿಂದ ಶ್ರೀಶೈಲಕ್ಕೆ ಹೋದದ್ದು ಕಾಲ್ನಡಿಗೆಯಲ್ಲಿ. ನಮ್ಮ ಕಾಲದಲ್ಲಿಯೇ ಇಲಕಲ್ಲಿನ ಮಹಾಂತ ಸ್ವಾಮಿಗಳು 1970ರ ದಶಕದಿಂದ ಮೊದಲುಗೊಂಡು ದಶಕಗಳ ಕಾಲ ಜೋಳಿಗೆ ಹಿಡಿದು ಊರೂರು, ಕೇರಿ ಕೇರಿ ನಡೆದರು. ಆ ಜೋಳಿಗೆಗೆ ಅವರು ಬೇಡಿದ್ದು ದವಸವನ್ನಲ್ಲ, ಜನರ ಕುಡಿತವನ್ನು, ತಂಬಾಕನ್ನು, ಇಸ್ಪೀಟನ್ನು. 2018ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಯಿತು. ಮನೆಯ ಬಾಗಿಲಿಗೆ ನಡೆದು ಬಂದವರ ಮಾತಿಗೂ ವೇದಿಕೆಯ ಮೇಲಿನಿಂದ ಬಂದ ಮಾತಿಗೂ ಇರುವ ಅಂತರವನ್ನು ಅವರ ಜೋಳಿಗೆಗೆ ಬಾಟಲಿ ಹಾಕಿದವರು ಬಲ್ಲರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು (1907–2019) ಜನ 'ನಡೆದಾಡುವ ದೇವರು' ಎಂದರು. ಆ ವಿಶೇಷಣದಲ್ಲಿ ದೇವರಿಗಿಂತ 'ನಡೆದಾಡುವ' ಎಂಬುದಕ್ಕೇ ತೂಕ ಹೆಚ್ಚೆಂದು ನನ್ನ ಎಣಿಕೆ. ಸ್ವಾಮಿಗಳು ಬರುವ ದಾರಿಗೆ ಮಡಿಬಟ್ಟೆ ಹಾಸುವ ಪದ್ಧತಿಗೆ 'ನಡೆಮಡಿ' ಎಂದು ಹೆಸರು. ನಡೆಮಡಿ ಹಾಸುವುದು ನಡೆಯುವವರಿಗೆ. ಅಡ್ಡಪಲ್ಲಕ್ಕಿಯಲ್ಲಿ ಕುಳಿತವರ ಕೆಳಗೂ ಅದನ್ನು ಹಾಸುವುದುಂಟು. ಆಗ ಅದರ ಮೇಲೆ ನಡೆಯುವವರು ಬೋವಿಗಳು. ಭಕ್ತರ ಉತ್ಸಾಹಕ್ಕೆ ಇದಿರಾಡುವುದು ಮಠಾಧೀಶರಿಗೂ ಕಷ್ಟವೆಂಬುದನ್ನು ಬಲ್ಲೆನಾದ್ದರಿಂದ ಇಷ್ಟಕ್ಕೆ ನಿಲ್ಲಿಸುತ್ತೇನೆ.

ಈಗ ನಮ್ಮ ಮೂರು ಊರುಗಳಿಗೆ ಬರೋಣ. ಇಲ್ಲಿನ ಮನೆಮಾತು ತುಳು. ಅದರಲ್ಲಿಯೂ 'ನಡಪುನಿ' ಎಂದರೆ ನಡೆಯುವುದೂ ಹೌದು, ಜರಗುವುದೂ ಹೌದು. ಆದರೆ ಘಟ್ಟದ ಮೇಲಿನಿಂದ ಬಂದ ಉಪಾಧ್ಯಾಯರನ್ನು ಮೊದಲ ವರ್ಷವೇ ತಬ್ಬಿಬ್ಬುಗೊಳಿಸುವ ಮಾತು 'ನಡಾವಳಿ'. ಅವರು ಬಲ್ಲ ನಡಾವಳಿ ಸಭೆಯ ಕೊನೆಗೆ ಪುಸ್ತಕದಲ್ಲಿ ಬರೆದಿಡುವಂಥದು. ಸರ್ಕಾರದ ಆದೇಶಗಳ ತಲೆಯ ಮೇಲೂ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದೇ ಇರುತ್ತದೆ. ಇಲ್ಲಿ ಊರಿನವರು ಬಂದು 'ನಾಡಿದ್ದು ನಡಾವಳಿ, ಮಕ್ಕಳು ಶಾಲೆಗೆ ಬರುವುದಿಲ್ಲ' ಎಂದಾಗ, ಮಕ್ಕಳಿಗೇಕೆ ಸಭೆ ಎಂದು ಅವರು ಬೆರಗಾಗುತ್ತಾರೆ. ತುಳುನಾಡಿನಲ್ಲಿ ನಡಾವಳಿಯೆಂದರೆ ದೈವಕ್ಕೆ ವರ್ಷಾವಧಿ ನಡೆಯುವ ಉತ್ಸವ. ಭಂಡಾರದ ಮನೆಯಿಂದ ದೈವದ ಆಭರಣ, ಖಡ್ಗಗಳನ್ನು ಹೊತ್ತು ಜನ ನಡೆದು ಬರುತ್ತಾರೆ. ರಾತ್ರಿ ದೈವವು ಗಗ್ಗರ ಕಟ್ಟಿ ಕುಣಿಯುತ್ತದೆ. ಬಳಿಕ ಊರಿನವರನ್ನು ಎದುರಿಗೆ ಕರೆದು ನುಡಿಕೊಡುತ್ತದೆ. ಆ ನುಡಿಯಲ್ಲಿ ವರ್ಷದ ವ್ಯಾಜ್ಯಗಳು ಬರುತ್ತವೆ, ತಪ್ಪಿದ ಕಟ್ಟುಕಟ್ಟಳೆಗಳು ಬರುತ್ತವೆ. ಶರಣರು ಬೇರೆ ದೈವಗಳ ಆರಾಧನೆಯನ್ನು ಒಪ್ಪಿದವರಲ್ಲ, ನಿಜ. ಆದರೂ ನಡೆ ಮತ್ತು ನುಡಿ ಒಂದೇ ಅಂಗಳದಲ್ಲಿ, ಊರೆಲ್ಲ ನೋಡುತ್ತಿರುವಾಗ ಎದುರುಬದುರಾಗುವ ಈ ಏರ್ಪಾಡನ್ನು ಭಾಷೆಯ ಅಭ್ಯಾಸಿಯಾದವನು ಕಡೆಗಣಿಸಲಾರ.

'ತಿರುಗಾಟ' ಇಂಥದೇ ಇನ್ನೊಂದು ಮಾತು. ಬೇರೆಡೆ ಅದಕ್ಕೆ ಕೆಲಸವಿಲ್ಲದೆ ಅಲೆಯುವ ಅರ್ಥವಿದೆ. ಇಲ್ಲಿಯ ಯಕ್ಷಗಾನ ಕಲಾವಿದರು 'ಇಪ್ಪತ್ತೈದು ತಿರುಗಾಟ ಮಾಡಿದ್ದೇನೆ' ಎಂದು ಹೆಮ್ಮೆಯಿಂದ ಹೇಳುತ್ತಾರೆ, ಉದ್ಯೋಗದಲ್ಲಿರುವವರು ಸೇವಾವಧಿಯನ್ನು ಹೇಳುವಂತೆ. ವಾಹನ ಸೌಕರ್ಯವಿಲ್ಲದ ಕಾಲದಲ್ಲಿ ಮೇಳದವರು ರಾತ್ರಿಯೆಲ್ಲ ಕುಣಿದು, ಬೆಳಗ್ಗೆ ಎದ್ದು, ವೇಷಭೂಷಣದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಮುಂದಿನ ಊರಿಗೆ ನಡೆಯುತ್ತಿದ್ದರು. ಮಾತಿನಲ್ಲಿ ಆ ನಡಿಗೆ ಉಳಿದಿದೆ.

ಬಂಟ್ವಾಳದ ಏಳಿಗೆಗೂ ಕಾಲೇ ಕಾರಣ. ಘಟ್ಟದ ಮೇಲಿನ ಕಾಫಿ ಮೊದಲಾದ ಸರಕು ತಲೆಹೊರೆಯಲ್ಲಿಯೂ ಹೇರೆತ್ತುಗಳ ಬೆನ್ನಿನಲ್ಲಿಯೂ ಇಳಿದು ಬಂದು, ಇಲ್ಲಿ ನೇತ್ರಾವತಿಯ ದೋಣಿಗಳನ್ನೇರಿ ಮಂಗಳೂರಿಗೆ ಹೋಗುತ್ತಿತ್ತು. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಒಂದೊಂದು ದಿನದ ಪ್ರಯಾಣವಾಗಿ ದಾಟುತ್ತ ಕಂಡದ್ದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಕೆಳದಿಯ ಅರಸರು ತುಳುನಾಡನ್ನು ಆಳುತ್ತಿದ್ದಾಗ, ಜಂಗಮರು ಕರಾವಳಿಗೆ ಇಳಿದು ಬಂದದ್ದೂ ಇಂಥ ಘಟ್ಟದ ದಾರಿಗಳಲ್ಲಿಯೇ. ಇಂದು ಬಂಟ್ವಾಳದ ಹೆಸರು ಹೊರಗಿನವರಿಗೆ ತಿಳಿದಿರುವುದು ಬಿ.ಸಿ. ರೋಡೆಂಬ ಕೂಡುದಾರಿಯಿಂದ. ಅಗಲಗೊಂಡ ಆ ಹೆದ್ದಾರಿಯಲ್ಲಿ ಮುದುಕರೊಬ್ಬರು ರಸ್ತೆ ದಾಟಬೇಕಾದರೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಯಾರು ಬೇಕಾದರೂ ನೋಡಬಹುದು.

ಬೆಳ್ತಂಗಡಿಯಲ್ಲಿ ಮಾತ್ರ ವರ್ಷಕ್ಕೊಮ್ಮೆ ರಸ್ತೆಯೇ ಕಾಲ್ನಡಿಗೆಯವರ ಪಾಲಾಗುತ್ತದೆ. ಶಿವರಾತ್ರಿ ಸಮೀಪಿಸಿತೆಂದರೆ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಸಾವಿರಾರು ಜನ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟು, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿಯ ತಿರುವುಗಳನ್ನಿಳಿದು ಉಜಿರೆಗೆ ಬರುತ್ತಾರೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಕಲ್ಲಂಗಡಿ, ಬಿಸಿನೀರು ಇಟ್ಟುಕೊಂಡು ಕಾಯುತ್ತಾರೆ. ಬೊಕ್ಕೆಯೆದ್ದ ಅಂಗಾಲಿಗೆ ಎಣ್ಣೆ ಸವರುವವರೂ ಇದ್ದಾರೆ. ಶಿವನ ಸನ್ನಿಧಿ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆಯವರು, ಎಲ್ಲ ಜಾತಿಯ ಯಾತ್ರಿಕರು. ಬಸ್ಸಿನಲ್ಲಿ ಬಂದವನಿಗೆ ಆ ಮಜ್ಜಿಗೆ ಯಾರೂ ಕೊಡುವುದಿಲ್ಲವೆಂಬುದು ಗಮನಾರ್ಹ. ಅದೇ ತಾಲ್ಲೂಕಿನ ಗಡಾಯಿಕಲ್ಲಿಗೆ ರಜಾದಿನಗಳಲ್ಲಿ ಯುವಕರು ಹತ್ತುತ್ತಾರೆ; ಅದು 'ಚಾರಣ'. ಚಾರಣನೆಂದರೆ ಹಿಂದೆ ಸ್ತುತಿಪಾಠಕ. ಈಗ ಆ ಶಬ್ದಕ್ಕೆ ಬೆಟ್ಟ ಹತ್ತುವ ಅರ್ಥ ಬಂದು ಗಟ್ಟಿಯಾಗಿದೆ. ಒಳ್ಳೆಯದೇ ಆಯಿತು.

ಮೂಡುಬಿದಿರೆಯಲ್ಲಿ ನಡೆಯೆಂಬುದು ಶಾಸ್ತ್ರವೇ ಆಗಿದೆ. ದಿಗಂಬರ ಮುನಿಗಳು ಯಾವ ವಾಹನವನ್ನೂ ಏರುವಂತಿಲ್ಲ. ಬರಿಗಾಲಿನಲ್ಲಿಯೇ ಊರಿಂದೂರಿಗೆ ಹೋಗಬೇಕು. ಅದಕ್ಕೆ 'ವಿಹಾರ'ವೆಂದು ಹೆಸರು. ಉಳಿದ ಕನ್ನಡಿಗರಿಗೆ ವಿಹಾರವೆಂದರೆ ಸಂಜೆಯ ಗಾಳಿಸೇವನೆ, ಇಲ್ಲವೆ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗುವುದು! ಮುನಿಯ ವಿಹಾರಕ್ಕೆ ನಿಯಮವಿದೆ, ಅದು 'ಈರ್ಯಾಸಮಿತಿ'. ಹಗಲಿನ ಬೆಳಕಿನಲ್ಲಿಯೇ ನಡೆಯಬೇಕು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಹೆಜ್ಜೆಯ ಕೆಳಗೆ ಯಾವ ಜೀವಿಯೂ ಸಿಲುಕದಂತೆ ನಡೆಯಬೇಕು. ಮಳೆಗಾಲದಲ್ಲಿ ನೆಲದ ಮೇಲೆಲ್ಲ ಹುಳುಹುಪ್ಪಟೆಗಳು ತುಂಬಿರುವುದರಿಂದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲಬೇಕು. ನಡಿಗೆಯೇ ನಡತೆಯಾಗುವುದೆಂದರೆ ಹೀಗೆ. ಇತ್ತ ಅಲ್ಲಿನ ಭಟ್ಟಾರಕರು ಮಠದಲ್ಲಿ ನೆಲೆನಿಂತು, 1430ರ ಸಾವಿರ ಕಂಬದ ಬಸದಿಯೂ ಧವಲಾದಿ ತಾಳೆಗ್ರಂಥಗಳೂ ಉಳಿಯುವಂತೆ ನೋಡಿಕೊಂಡ ಪರಂಪರೆಯವರು. ನಮ್ಮಲ್ಲಿಯೂ ಪಟ್ಟದ ಸ್ವಾಮಿಗಳು ಒಂದೆಡೆ, ಚರಮೂರ್ತಿಗಳು ಇನ್ನೊಂದೆಡೆ. ಎರಡು ಮತಗಳು ಶತಮಾನಗಳ ಕಾಲ ವಾದ ಮಾಡಿವೆ. ನಿಲ್ಲುವವರೂ ಬೇಕು, ನಡೆಯುವವರೂ ಬೇಕು ಎಂಬ ವಿಷಯದಲ್ಲಿ ಮಾತ್ರ ಎರಡರ ಅನುಭವವೂ ಒಂದೇ. 16ನೆಯ ಶತಮಾನದ ಮೂಡುಬಿದಿರೆಯ ಕವಿ ರತ್ನಾಕರವರ್ಣಿ ಮುನಿದು ವೀರಶೈವಕ್ಕೆ ನಡೆದು, ಮತ್ತೆ ಜೈನಕ್ಕೆ ಹಿಂದಿರುಗಿದನೆಂಬ ಐತಿಹ್ಯವೂ ಅಲ್ಲಿದೆ.

ಇಷ್ಟನ್ನು ವಿಸ್ತರಿಸಿದ್ದು ಶಬ್ದಕೋಶದ ಮೋಹದಿಂದಲ್ಲ. ನಡತೆಯೆಂಬುದು ದಾರಿಯಲ್ಲಿ, ಇತರರ ಕಣ್ಣೆದುರು, ಕಾಲಿನಿಂದ ತಿಳಿಯುವ ವಸ್ತುವೆಂದು ಈ ಊರುಗಳ ಭಾಷೆ ಒಕ್ಕೊರಲಿನಿಂದ ಹೇಳುತ್ತಿದೆ. ನಮ್ಮ ಶಾಲೆಯ ಮಕ್ಕಳಾದರೋ ಈಗ ಆ ದಾರಿಯಲ್ಲಿಲ್ಲ. ಅವರನ್ನು ಅಂಗಳದಿಂದ ಎತ್ತಿ ಶಾಲೆಯ ಅಂಗಳದಲ್ಲಿ ಇಳಿಸಲಾಗುತ್ತದೆ. ಹಿಂದೆ ಹತ್ತು ಮಕ್ಕಳು ಗುಂಪಾಗಿ ಗುಡ್ಡ ಇಳಿದು, ಗದ್ದೆಯ ಹುಣಿಯ ಮೇಲೆ ಸಾಲಾಗಿ ಬರುತ್ತಿದ್ದಾಗ, ದೊಡ್ಡವನು ಸಣ್ಣವನ ಚೀಲ ಹೊತ್ತನೆ, ಸಂಕದ ಬಳಿ ಕೈ ಹಿಡಿದನೆ, ಅಥವಾ ಅವನ ಕೊಡೆ ಕಸಿದು ಓಡಿದನೆ ಎಂಬುದನ್ನು ದಾರಿಯ ಮನೆಗಳವರು ನೋಡುತ್ತಿದ್ದರು. ಮಾವಿನ ಮರಕ್ಕೆ ಕಲ್ಲು ಹೊಡೆದವನ ಹೆಸರು ಸಂಜೆಯೊಳಗೆ ಮಾಸ್ತರರ ಕಿವಿಗೆ ಬೀಳುತ್ತಿತ್ತು. ಮಾಸ್ತರರೂ ಅದೇ ಹುಣಿಯ ಮೇಲೆ ನಡೆದು ಬಂದವರು. ಅಂಥವರು 'ನಡತೆ ಉತ್ತಮ' ಎಂದು ಬರೆದರೆ ಅದಕ್ಕೆ ಆಧಾರವಿತ್ತು. ತರಗತಿಯ ನಾಲ್ಕು ಗೋಡೆಗಳ ನಡುವೆ ಬೆಂಚಿನ ಮೇಲೆ ಕುಳಿತ ಮಗುವನ್ನಷ್ಟೇ ಕಂಡವರು ಅದರ ಕುಳಿತಿರುವಿಕೆಗೆ ಪ್ರಮಾಣಪತ್ರ ಕೊಡಬಹುದು.

ಹಳೆಯದೆಲ್ಲ ಚೆನ್ನಾಗಿತ್ತೆಂಬ ಹಾಡನ್ನು ನಾನು ಹಾಡಲಾರೆ. ಆಷಾಢದ ಮಳೆಯಲ್ಲಿ ಎರಡು ಅಡಕೆ ಮರ ಅಡ್ಡಹಾಕಿದ ಸಂಕದ ಮೇಲೆ ಮಕ್ಕಳನ್ನು ಕಳುಹಿಸಿದ ತಾಯಂದಿರು ಸಂಜೆಯವರೆಗೂ ಜೀವ ಕೈಯಲ್ಲಿ ಹಿಡಿದಿರುತ್ತಿದ್ದರು. ಎಷ್ಟೋ ಹೆಣ್ಣುಮಕ್ಕಳ ಓದು ನಿಂತದ್ದು ಶಾಲೆ ದೂರವೆಂಬ ಒಂದೇ ಕಾರಣಕ್ಕೆ. ಬಸ್ಸು ಬಂದು ಅವರನ್ನು ಪ್ರೌಢಶಾಲೆಗೂ ಕಾಲೇಜಿಗೂ ತಲುಪಿಸಿತು. ಅದು ಸಣ್ಣ ಉಪಕಾರವಲ್ಲ. ಒಂಟಿ ದಾರಿಯಲ್ಲಿ ಹುಡುಗಿ ನಡೆದು ಬರುವಾಗ ಈ ಭಾಗದ ಮನೆಗಳಲ್ಲಿ ಇರುವ ಭಯವೂ ಸುಮ್ಮನೆ ಹುಟ್ಟಿದ್ದಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು, ಬೆಳ್ತಂಗಡಿಯ ಹಳ್ಳಗಳು ದಾರಿ ಬದಲಿಸಿ ಹರಿದದ್ದನ್ನು ಕಂಡವರು ಯಾರೂ ಕಾಲುದಾರಿಯನ್ನು ಕುರಿತು ಹಗುರವಾಗಿ ಮಾತಾಡಲಾರರು. ಆದರೆ ದಾರಿ ಅಪಾಯಕರವಾಯಿತೆಂದು ಮಕ್ಕಳನ್ನು ದಾರಿಯಿಂದ ಎತ್ತಿಕೊಂಡೆವೇ ಹೊರತು ದಾರಿಯನ್ನು ಸರಿಪಡಿಸಲಿಲ್ಲ. ಕಾನೂನಾದರೂ ಇನ್ನೂ ಮಗುವಿನ ಕಾಲನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ. ಶಿಕ್ಷಣ ಹಕ್ಕಿನ ಕಾಯಿದೆಯ 2010ರ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಯವರಿಗೆ 1 ಕಿಲೋಮೀಟರ್, ಆರರಿಂದ ಎಂಟರವರಿಗೆ 3 ಕಿಲೋಮೀಟರ್ ನಡೆಯುವ ದೂರದೊಳಗೆ ಶಾಲೆಯಿರಬೇಕು. ಆ ಒಂದು ಕಿಲೋಮೀಟರನ್ನು ಮಗು ಕ್ಷೇಮವಾಗಿ ನಡೆಯಬಲ್ಲುದೆ ಎಂಬುದನ್ನು ವಿಚಾರಿಸುವವರು ಯಾರು?

ನನ್ನ ಅಭಿಪ್ರಾಯದಲ್ಲಿ ವಿಚಾರಿಸಬೇಕಾದವರು ಮೊದಲು ಉಪಾಧ್ಯಾಯರೇ. ಪ್ರತಿ ತರಗತಿಯ ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ತಮ್ಮ ತರಗತಿಯ ಅತಿ ದೂರದ ವಿದ್ಯಾರ್ಥಿಯ ಮನೆಗೆ, ಆ ದಾರಿಯ ಮಕ್ಕಳೆಲ್ಲರನ್ನೂ ಕೂಡಿಕೊಂಡು ನಡೆದುಹೋಗಲಿ. ಶನಿವಾರದ ಮಧ್ಯಾಹ್ನ ಇದಕ್ಕೆ ಸಾಕು. ಶೈಕ್ಷಣಿಕ ಪ್ರವಾಸವೆಂದು ಬೇಲೂರು ಹಳೇಬೀಡುಗಳಿಗೆ ಬಸ್ಸಿನಲ್ಲಿ ಒಯ್ಯುವುದಕ್ಕಿಂತ ಇದರಿಂದ ಅವರಿಗೆ ಹೆಚ್ಚು ತಿಳಿಯುತ್ತದೆ: ಯಾವ ಮಗು ಯಾರಿಗಾಗಿ ಕಾಯುತ್ತದೆ, ಯಾವ ತಿರುವಿನಲ್ಲಿ ಲಾರಿಗಳು ವೇಗವಾಗಿ ಬರುತ್ತವೆ, ಯಾವ ಹಳ್ಳಕ್ಕೆ ಸಂಕವಿಲ್ಲ. ಹೀಗೆ ನಡೆಯದೆ ಇದ್ದವರು ನಡತೆಯ ಸಾಲನ್ನು ಖಾಲಿ ಬಿಡುವುದು ಹೆಚ್ಚು ಪ್ರಾಮಾಣಿಕವಾದೀತು. ಹಳೆಯ ವಿದ್ಯಾರ್ಥಿಗಳಲ್ಲಿ ಪೇಟೆಯಲ್ಲಿ ವ್ಯಾಪಾರದಲ್ಲಿರುವವರು ಅನೇಕರಿದ್ದಾರೆ. ಬೆಳಗಿನ ಒಂಬತ್ತರಿಂದ ಅರ್ಧ ಗಂಟೆ, ಸರದಿಯಂತೆ, ಹೆದ್ದಾರಿ ದಾಟುವಲ್ಲಿ ಕೈಯಲ್ಲಿ ಫಲಕ ಹಿಡಿದು ನಿಲ್ಲುವುದು ಅವರಿಂದ ಆಗದ ಕೆಲಸವಲ್ಲ.

ಇನ್ನು ದಾನಿಗಳಲ್ಲಿ ಒಂದು ವಿನಂತಿ. ಶಾಲೆಗೆ ವಾಹನ ಕೊಡಿಸುವ ಔದಾರ್ಯವನ್ನು ಹಲವರು ತೋರುತ್ತಾರೆ. ಅದರ ಬದಿಯಲ್ಲಿ ಹೆಸರು ಬರೆಸುವುದೂ ಸುಲಭ. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಆ ಬಳಿಕ ಅವರು ದೇಶದ ಹಲವೆಡೆ ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿ, 2017ರಲ್ಲಿ ಪದ್ಮಶ್ರೀಯನ್ನು ಪಡೆದರು. ಆ ಸೇತುವೆಗಳ ಮೇಲೆ ಲಾರಿ ಹೋಗುವುದಿಲ್ಲ, ಕಾರು ಹೋಗುವುದಿಲ್ಲ; ನಡೆಯುವವರಿಗಾಗಿಯೇ ಕಟ್ಟಿದವು. ಅಷ್ಟು ದೊಡ್ಡದು ಎಲ್ಲೆಡೆ ಬೇಕೆಂದೂ ಇಲ್ಲ. ನಮ್ಮ ಮಕ್ಕಳು ದಾಟುವ ಹಳ್ಳಗಳಲ್ಲಿ ಅನೇಕವಕ್ಕೆ ಎರಡು ಕಡೆ ಕಲ್ಲಿನ ಕಟ್ಟೆ, ನಡುವೆ ನಾಲ್ಕಡಿ ಅಗಲದ ಕಾಂಕ್ರೀಟು ಹಾಸು, ಎರಡು ಕೈಪಿಡಿ, ಇಷ್ಟಿದ್ದರೆ ಸಾಕು. ಹೆದ್ದಾರಿಯ ಪಕ್ಕದಲ್ಲಿ ಶಾಲೆಯವರೆಗೆ ಒಂದು ಕಾಲುದಾರಿ, ದಾರಿಯ ನಡುವೆ ಮಳೆಗೆ ನಿಲ್ಲಲು ಒಂದು ಮಾಡು, ಬೇಸಗೆಗೆ ಒಂದು ಅರವಟ್ಟಿಗೆ ಇವೂ ದತ್ತಿಗೆ ಯೋಗ್ಯವಾದ ವಸ್ತುಗಳೇ. ಯಾವ ಯಾವ ಹಳ್ಳಕ್ಕೆ ಸಂಕ ಬೇಕೆಂಬ ಪಟ್ಟಿಯನ್ನು ಉಪಾಧ್ಯಾಯರು ತಮ್ಮ ಶನಿವಾರದ ನಡಿಗೆಗಳಿಂದ ಜನವರಿಯೊಳಗೆ ಸಿದ್ಧಪಡಿಸಿ ಶಾಲಾ ಸಮಿತಿಗೆ ಒಪ್ಪಿಸಬಹುದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ನೀರು ಇಳಿದಿರುತ್ತದೆ. ಅಡಿಪಾಯ ತೋಡುವುದಿದ್ದರೆ ಆಗಲೇ ತೋಡಬೇಕು. ಜೂನಿನ ಮೊದಲ ಮಳೆ ಬಿದ್ದು ಹಳ್ಳ ಏರಿದ ಮೇಲೆ ಮುಂದಿನ ಜನವರಿಯವರೆಗೂ ಕಲ್ಲು ಕೂರಿಸಲು ಬರುವುದಿಲ್ಲ.